ಮಾರ್ಷಾ ಬರೆದ ಕಾಗದ

ಒಂದು ಹಾಡು ಮನಸ್ಸಿಗೆ ಹಿಡಿಸಿದರೆ ನಾವೇನು ಮಾಡುತ್ತೇವೆ? ಪಕ್ಕದ ಮನೆಯವರಿಗೆ ಹೇಳುತ್ತೇವೆ, ತಂಗಿಗೆ ಫೋನು ಮಾಡಿ ಹೇಳುತ್ತೇವೆ. ಆಕಾಶವಾಣಿಯ ಕೋರಿಕೆ ಕಾರ್ಯಕ್ರಮಕ್ಕೆ ಮನೆಮಂದಿಯ ಹೆಸರನ್ನೆಲ್ಲ ತುಂಬಿಸಿ ಕಾರ್ಡು ಹಾಕಿದ ಕಾಲವೂ ಒಂದಿತ್ತು. ಇದನ್ನು ಯಾರೂ ಇತಿಹಾಸ ಎಂದು ಕರೆಯುವುದಿಲ್ಲ. ಹಾಡಿನ ಇತಿಹಾಸವೆಂದರೆ ಹಾಡಿದವನದ್ದು, ರೆಕಾರ್ಡು ಮಾಡಿದ ಕಂಪೆನಿಯದ್ದು, ಹೆಚ್ಚೆಂದರೆ ಅದನ್ನು ಮೆಚ್ಚಿ ಬರೆದ ವಿಮರ್ಶಕನದ್ದು. ಹೀಗಿರುವಾಗ, ಕೋರಿಕೆಯ ಕಾಗದವೊಂದು ದೊಡ್ಡ ದೇಶವೊಂದರ ಸಂಗೀತದ ದಿಕ್ಕನ್ನೇ ಬದಲಾಯಿಸಿದ ಕತೆ ನನಗೆ ತಿಳಿದಾಗ ಎರಡು ದಿನ ಅದೇ ಗುಂಗಿನಲ್ಲಿದ್ದೆ.

ಕಾಗದ ಬರೆದವಳು ಮಾರ್ಷಾ ಆಲ್ಬರ್ಟ್. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಸಿಲ್ವರ್ ಸ್ಪ್ರಿಂಗ್ ಎಂಬ ಊರಿನವಳು. ವಯಸ್ಸು ಹದಿನೈದು. 1963ರ ಡಿಸೆಂಬರ್ 10ರ ಸಂಜೆ ಆಕೆ ಟೀವಿಯಲ್ಲಿ ವಾರ್ತೆ ನೋಡುತ್ತಿದ್ದಳು. ಇಂಗ್ಲೆಂಡಿನಲ್ಲಿ ಬೀಟಲ್ಸ್ ಎಂಬ ನಾಲ್ವರು ಹುಡುಗರ ಹಾಡಿಗೆ ಹೆಣ್ಣುಮಕ್ಕಳು ಹೇಗೆ ಹುಚ್ಚೆದ್ದು ಕೂಗುತ್ತಾರೆ ಎಂಬುದರ ಬಗ್ಗೆ ಒಂದು ಪುಟ್ಟ ವರದಿ ಬಂತು. ಅದೇ ವರದಿಯನ್ನು ನವೆಂಬರ್ 22ರ ಬೆಳಿಗ್ಗೆ ಒಮ್ಮೆ ತೋರಿಸಿದ್ದರಂತೆ. ಆ ಮಧ್ಯಾಹ್ನವೇ ಅಧ್ಯಕ್ಷ ಕೆನಡಿಯವರ ಹತ್ಯೆಯಾಯಿತು. ಆಮೇಲೆ ಯಾರಿಗೆ ಬೇಕಿತ್ತು ಉದ್ದಕೂದಲಿನ ಹುಡುಗರ ಸುದ್ದಿ? ಡಿಸೆಂಬರಿನಲ್ಲಿ ಮತ್ತೆ ಹಾಕಿದಾಗಲೂ ಅದರ ಧಾಟಿ ಸ್ವಲ್ಪ ಗೇಲಿಯದ್ದೇ. ಮಾರ್ಷಾಗೆ ಗೇಲಿ ಮುಟ್ಟಲಿಲ್ಲ, ಹಾಡು ಮುಟ್ಟಿತು. ವಾಷಿಂಗ್ಟನ್ನಿನ ಡಬ್ಲ್ಯೂಡಬ್ಲ್ಯೂಡಿಸಿ ರೇಡಿಯೋದಲ್ಲಿ ಹಾಡು ಹಾಕುತ್ತಿದ್ದ ಕ್ಯಾರಲ್ ಜೇಮ್ಸ್‌ಗೆ ಆಕೆ ಕಾಗದ ಬರೆದು, ಇಂಥ ಸಂಗೀತ ನಮ್ಮ ದೇಶದಲ್ಲಿ ಯಾಕಿಲ್ಲ ಎಂದು ಕೇಳಿದಳು.

ಜೇಮ್ಸ್ ಆ ಕಾಗದವನ್ನು ಕಸದ ಬುಟ್ಟಿಗೆ ಹಾಕಲಿಲ್ಲ. ಅದು ಅವನ ದೊಡ್ಡತನ. ಆ ರೆಕಾರ್ಡು ಅಮೆರಿಕದ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಬ್ರಿಟಿಷ್ ವಿಮಾನದ ಗಗನಸಖಿಯೊಬ್ಬಳ ಕೈಯಲ್ಲಿ ಲಂಡನ್ನಿನಿಂದ ತರಿಸಿದ. ನೋಡಿ, ಇಲ್ಲಿಯೂ ಹೆಣ್ಣುಮಗಳ ಕೈಚೀಲವೇ ಬೇಕಾಯಿತು! ಡಿಸೆಂಬರ್ 17ರಂದು ಮಾರ್ಷಾಳನ್ನೇ ಸ್ಟುಡಿಯೋಗೆ ಕರೆಸಿ, ಅವಳ ಬಾಯಿಂದಲೇ ಹಾಡನ್ನು ಪರಿಚಯ ಮಾಡಿಸಿದ. ಹಾಡು ‘ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್’. ಮುಗಿಯುವಷ್ಟರಲ್ಲಿ ಸ್ಟುಡಿಯೋದ ಫೋನುಗಳು ಬಿಡುವಿಲ್ಲದೆ ಬಾರಿಸತೊಡಗಿದವು.

ಈಗ ಕಂಪೆನಿಯ ಕಡೆಗೆ ಬನ್ನಿ. ಕ್ಯಾಪಿಟಲ್ ರೆಕಾರ್ಡ್ಸ್‌ಗೆ ಬೀಟಲ್ಸರ ರೆಕಾರ್ಡುಗಳನ್ನು ಅಮೆರಿಕದಲ್ಲಿ ಹೊರತರುವ ಅವಕಾಶ ಮೊದಲಿನಿಂದಲೂ ಇತ್ತು. ಆದರೆ ಅದರ ದೊಡ್ಡ ಮನುಷ್ಯರು ಮತ್ತೆ ಮತ್ತೆ ಬೇಡವೆಂದರು. ಸಣ್ಣಪುಟ್ಟ ಕಂಪೆನಿಗಳು ಹೊರತಂದವು ಹೆಚ್ಚು ಮಾರಾಟವಾಗಲಿಲ್ಲ. ಕೊನೆಗೂ ಕ್ಯಾಪಿಟಲ್ ಒಪ್ಪಿ, 1964ರ ಜನವರಿ 13ರಂದು ಬಿಡುಗಡೆ ಎಂದು ದಿನ ಗೊತ್ತುಮಾಡಿತ್ತು. ಅಷ್ಟರಲ್ಲಿ ವಾಷಿಂಗ್ಟನ್ನಿನ ರೇಡಿಯೋ ಹಾಡನ್ನು ದಿನವೂ ಹಾಕತೊಡಗಿದ್ದು ಕಂಡು ಅದಕ್ಕೆ ಸಿಟ್ಟು ಬಂತು. ನಿಲ್ಲಿಸಿ ಎಂದು ಗದರಿಸಿತು. ನಿಲ್ಲಿಸುವವರು ಯಾರು? ಕೇಳುವವರ ಒತ್ತಾಯಕ್ಕೆ ಮಣಿದು ಡಿಸೆಂಬರ್ 26ಕ್ಕೇ ರೆಕಾರ್ಡು ಬಿಡುಗಡೆ ಮಾಡಬೇಕಾಯಿತು. ಆ ಎರಡೂವರೆ ವಾರದ ವ್ಯತ್ಯಾಸ ಸಣ್ಣದಾಗಿರಲಿಲ್ಲ. ಕ್ರಿಸ್‌ಮಸ್ ರಜೆ, ಮಕ್ಕಳೆಲ್ಲ ಮನೆಯಲ್ಲಿ, ಕೈಯಲ್ಲಿ ಟ್ರಾನ್ಸಿಸ್ಟರ್ ರೇಡಿಯೋ. ಫೆಬ್ರವರಿ 1ರ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಹಾಡು ಮೊದಲ ಸ್ಥಾನದಲ್ಲಿತ್ತು. ಬೀಟಲ್ಸ್ ನ್ಯೂಯಾರ್ಕಿನಲ್ಲಿ ವಿಮಾನ ಇಳಿದದ್ದು ಫೆಬ್ರವರಿ 7ಕ್ಕೆ. ಏಳು ಕೋಟಿ ಮೂವತ್ತು ಲಕ್ಷ ಜನ ನೋಡಿದರೆನ್ನುವ ಎಡ್ ಸಲಿವನ್ ಟೀವಿ ಕಾರ್ಯಕ್ರಮ 9ಕ್ಕೆ. ಬಹಳಷ್ಟು ಕಡೆ ಕತೆ ಶುರುವಾಗುವುದೇ ಆ ಒಂಬತ್ತನೆಯ ತಾರೀಖಿನಿಂದ. ಅಡಿಗೆ ಮಾಡಿದವಳನ್ನು ಬಿಟ್ಟು ಬಡಿಸಿದವನನ್ನು ಹೊಗಳಿದ ಹಾಗೆ.

ಇದೇ ಹೊತ್ತಿಗೆ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಇನ್ನೊಬ್ಬ ಹುಡುಗಿ ಕಾಗದಗಳ ರಾಶಿಯ ನಡುವೆ ಕೂತಿದ್ದಳು. ಫ್ರೀಡಾ ಕೆಲ್ಲಿ. ಮೊದಲು ಬೇರೊಂದು ಕಡೆ ಟೈಪಿಸ್ಟ್ ಆಗಿದ್ದವಳು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕ್ಯಾವರ್ನ್ ಎಂಬ ನೆಲಮಾಳಿಗೆಯ ಕ್ಲಬ್ಬಿಗೆ ಓಡಿಹೋಗಿ ಬೀಟಲ್ಸರ ಹಾಡು ಕೇಳುತ್ತಿದ್ದಳು. ಅವರ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್ ಹದಿನೇಳರ ಈ ಹುಡುಗಿಯನ್ನು ಕೆಲಸಕ್ಕೆ ಕರೆದ. ಅಭಿಮಾನಿ ಸಂಘದ ಕಾಗದಪತ್ರಗಳೂ ಅವಳ ಪಾಲಿಗೆ ಬಂದವು. ಆಕೆ ಸಂಘಕ್ಕೆ ತನ್ನ ಮನೆಯ ವಿಳಾಸವನ್ನೇ ಕೊಟ್ಟುಬಿಟ್ಟಳು. ಅಂಚೆಯವನು ಚೀಲಗಟ್ಟಲೆ ತಂದು ಸುರಿಯತೊಡಗಿದ. ಈ ರಾಶಿಯಲ್ಲಿ ಮನೆಯ ಬಿಲ್ಲು ಎಲ್ಲಿ ಹುಡುಕಲಿ ಎಂದು ಅವಳ ಅಪ್ಪ ಗೊಣಗಿದನಂತೆ. ಪಾಪ, ಅವನದೇನೂ ತಪ್ಪಿಲ್ಲ.

ಫ್ರೀಡಾಳಲ್ಲಿ ನನಗೆ ಹಿಡಿಸಿದ್ದು ಅವಳ ನೇಮ. ಯಾರೋ ಒಬ್ಬ ಹುಡುಗಿ ದಿಂಬಿನ ಚೀಲ ಕಳಿಸಿ, ರಿಂಗೋ ಇದರ ಮೇಲೆ ಒಂದು ರಾತ್ರಿ ಮಲಗಿ ಕೊಡಲಿ ಎಂದು ಬೇಡಿದರೆ, ಈಕೆ ಅದನ್ನು ಒಯ್ದು ರಿಂಗೋನ ತಾಯಿಗೆ ಒಪ್ಪಿಸುತ್ತಿದ್ದಳು. ಕೂದಲಿನ ಎಳೆ ಬೇಕೆಂದವರಿಗೆ ನಿಜವಾದ ಕೂದಲೇ ಹೋಗಬೇಕು. ಸಹಾಯಕ್ಕಿದ್ದ ಹುಡುಗಿಯರು ಬೀಟಲ್‌ನ ಕೂದಲೆಂದು ಬೇರೆಯವರ ಕೂದಲನ್ನು ಲಕೋಟೆಗೆ ತುಂಬಿದ್ದು ಗೊತ್ತಾದಾಗ ಅವರನ್ನು ಕೆಲಸದಿಂದ ಕಳಿಸಿಬಿಟ್ಟಳು. ಕಾಗದ ಬರೆದ ಹುಡುಗಿಯನ್ನು ಮೋಸಮಾಡುವುದೆಂದರೆ ತನ್ನನ್ನೇ ಮೋಸಮಾಡಿಕೊಂಡಂತೆ ಅವಳಿಗೆ. ನಮ್ಮ ರಾಜಕುಮಾರ್ ಅಭಿಮಾನಿಗಳನ್ನು ದೇವರು ಎಂದರು; ಆ ದೇವರ ಮನೆ ಗುಡಿಸಿ ಸಾರಿಸುವ ಕೆಲಸವನ್ನು ಈಕೆ ಹತ್ತು ವರ್ಷಕ್ಕೂ ಮೀರಿ ಮಾಡಿದಳು. ಆಮೇಲೆ ಸಂಸಾರ, ಮಕ್ಕಳು, ಕಚೇರಿಯೊಂದರಲ್ಲಿ ಕೆಲಸ. ತನ್ನ ಬಳಿ ಇದ್ದ ಬೀಟಲ್ಸ್ ವಸ್ತುಗಳಲ್ಲಿ ಬಹುಪಾಲನ್ನು ಅಭಿಮಾನಿಗಳಿಗೇ ಹಂಚಿಬಿಟ್ಟಳು. 2013ರಲ್ಲಿ ‘ಗುಡ್ ಓಲ್ ಫ್ರೀಡಾ’ ಎಂಬ ಸಾಕ್ಷ್ಯಚಿತ್ರ ಬರುವವರೆಗೆ ಹೆಚ್ಚಾಗಿ ಬಾಯಿ ಬಿಡಲಿಲ್ಲ. ಬಿಟ್ಟದ್ದೂ ತನ್ನ ಮೊಮ್ಮಗನಿಗೆ ಅಜ್ಜಿಯ ಕತೆ ತಿಳಿಯಲಿ ಎಂದು.

ಇಂಥ ಹುಡುಗಿಯರ ಬಗ್ಗೆ ದೊಡ್ಡವರು ಏನು ಬರೆದರು? 1964ರ ಫೆಬ್ರವರಿಯಲ್ಲಿ ಪಾಲ್ ಜಾನ್ಸನ್ ಎಂಬ ಪತ್ರಕರ್ತ ‘ನ್ಯೂ ಸ್ಟೇಟ್ಸ್‌ಮನ್’ ಪತ್ರಿಕೆಯಲ್ಲಿ, ಬೀಟಲ್ಸರ ಹಿಂದೆ ಬಿದ್ದವರೆಲ್ಲ ಆ ತಲೆಮಾರಿನ ಮಂದಮತಿಗಳು, ಸೋತವರು ಎಂಬರ್ಥದಲ್ಲಿ ಲೇಖನ ಬರೆದ. ಮೂರು ವರ್ಷ ಕಳೆಯಿತು. 1967ರಲ್ಲಿ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಆಲ್ಬಂ ಬಂತು. ಅದೇ ನವೆಂಬರಿನಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆ ಶುರುವಾಯಿತು. ಮೊದಲ ಮುಖಪುಟದಲ್ಲಿ ಜಾನ್ ಲೆನನ್. ಈಗ ಅದು ಕಲೆಯಾಯಿತು. ಗಂಭೀರ ಮುಖದ ಗಂಡಸರು ಉದ್ದುದ್ದ ವಿಮರ್ಶೆ ಬರೆದರು. ಕಿರುಚಿದ ಹುಡುಗಿಯರು ಹಿನ್ನೆಲೆಯ ಗದ್ದಲವಾಗಿ ಉಳಿದರು. ಆ ಗದ್ದಲಕ್ಕೂ ಅರ್ಥವಿತ್ತೆಂದು ಬಾರ್ಬರಾ ಎಹ್ರೆನ್‌ರೈಕ್ ಮತ್ತು ಅವರ ಇಬ್ಬರು ಗೆಳತಿಯರು 1986ರಲ್ಲಿ ಬರೆದರು. ಸದ್ದಿಲ್ಲದೆ, ಮೈ ಮರೆಯದೆ ಇರಬೇಕೆಂದು ಬೆಳೆಸಿದ ಹೆಣ್ಣುಮಕ್ಕಳು ಗುಂಪಾಗಿ ಬೀದಿಗೆ ಬಂದು ಗಂಟಲೆತ್ತಿ ಕೂಗಿದ್ದು ಅದೇ ಮೊದಲು ಎಂಬುದು ಅವರ ಮಾತಿನ ಸಾರ. ನನಗದು ಪೂರ್ತಿ ಒಪ್ಪಿಗೆ. ಒಂದು ಮಾತು ಸೇರಿಸಬೇಕೆನಿಸುತ್ತದೆ: ಅವರು ಕೂಗಿದ್ದಷ್ಟೇ ಅಲ್ಲ, ಆರಿಸಿದರು ಕೂಡ. ಆಗ ಹಾಡುವ ಹುಡುಗರ ತಂಡಗಳಿಗೆ ಬರವಿರಲಿಲ್ಲ. ಅಷ್ಟರ ನಡುವೆ ಇವರನ್ನೇ ಹೆಕ್ಕಿ ತೆಗೆದ ಕಿವಿ ಯಾರದು?

ಕ್ಲಾಸಿಕ್ ರಾಕ್ ಎಂದು ಈಗ ಕರೆಯುವ, ಅರವತ್ತು ಎಪ್ಪತ್ತರ ದಶಕಗಳ ಈ ಸಂಗೀತ ನಮ್ಮ ಮನೆಗೆ ಬಂದದ್ದು ಎಂಬತ್ತರ ದಶಕದಲ್ಲಿ, ಅಣ್ಣನ ಗೆಳೆಯರ ಕ್ಯಾಸೆಟ್ಟುಗಳ ಮೂಲಕ. ಅವರು ಜಗಲಿಯಲ್ಲಿ ಕೂತು ಯಾವ ಆಲ್ಬಂ ಶ್ರೇಷ್ಠ ಎಂದು ಗಂಟೆಗಟ್ಟಲೆ ವಾದಿಸುವರು. ನಾನು ಕಾಫಿ ಕೊಟ್ಟು ಒಳಗೆ ಬರುವೆ. ನಿನಗೆ ಯಾವುದು ಹಿಡಿಸಿತು ಎಂದು ಯಾರೂ ಕೇಳಲಿಲ್ಲ. ಒಳಗೆ ಪಾತ್ರೆ ತೊಳೆಯುತ್ತ ನಾನೂ ಅಷ್ಟನ್ನೂ ಕೇಳಿಸಿಕೊಂಡಿದ್ದೆ!

ಶ್ರೇಷ್ಠತೆಯ ಪಟ್ಟಿಗಳ ಕತೆಯೂ ಆ ಜಗಲಿಯದ್ದೇ. ‘ರೋಲಿಂಗ್ ಸ್ಟೋನ್’ 2003ರಲ್ಲಿ ಐನೂರು ಅತ್ಯುತ್ತಮ ಆಲ್ಬಂಗಳ ಪಟ್ಟಿ ಮಾಡಿದಾಗ ಮೊದಲ ಹತ್ತರಲ್ಲಿ ಹೆಂಗಸರದ್ದು ಒಂದೂ ಇರಲಿಲ್ಲ. ಕೆನಡಾದಲ್ಲಿ ಹುಟ್ಟಿದ ಜೋನಿ ಮಿಚೆಲ್ ಅವರ ‘ಬ್ಲೂ’ ಮೂವತ್ತನೆಯ ಸ್ಥಾನದಲ್ಲಿತ್ತು. 2020ರಲ್ಲಿ ಹೊಸಬರನ್ನು ಸೇರಿಸಿ ಹೊಸದಾಗಿ ಮತ ಕೇಳಿದರು. ‘ಬ್ಲೂ’ ಮೂರನೆಯ ಸ್ಥಾನಕ್ಕೆ ಏರಿತು. ಮೊದಲಿದ್ದ ‘ಸಾರ್ಜೆಂಟ್ ಪೆಪ್ಪರ್ಸ್’ ಇಪ್ಪತ್ತನಾಲ್ಕಕ್ಕೆ ಇಳಿಯಿತು. ಆಲ್ಬಂಗಳಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ.

ನೀವು ಇದನ್ನೆಲ್ಲ ಕೇಳಿಲ್ಲದಿದ್ದರೆ, ಎಲ್ಲಿಂದ ಶುರುಮಾಡಲಿ ಎಂದರೆ, ನಾನು ಪಟ್ಟಿ ನೋಡದೆ ಎರಡು ಹೆಸರು ಹೇಳುತ್ತೇನೆ. ಬೀಟಲ್ಸರ ‘ರಬ್ಬರ್ ಸೋಲ್’, 1965ರದ್ದು. ಹದಿನಾಲ್ಕು ಹಾಡು, ಮುಕ್ಕಾಲು ಗಂಟೆಯೂ ಇಲ್ಲ. ಸಾರು ಪಲ್ಯ ಆಗುವಷ್ಟರಲ್ಲಿ ಮುಗಿಯುತ್ತದೆ. ಎರಡನೆಯ ಹಾಡಿನಲ್ಲಿ ಜಾರ್ಜ್ ಹ್ಯಾರಿಸನ್ ಸಿತಾರ್ ನುಡಿಸಿದ್ದಾನೆ. ಇನ್ನೂ ರವಿಶಂಕರರ ಶಿಷ್ಯನಾಗಿರದ ಕಾಲದ್ದು, ಕೈ ಪಳಗಿಲ್ಲ, ಆದರೂ ಚೆಂದ. ಇನ್ನೊಂದು ಅದೇ ‘ಬ್ಲೂ’, 1971ರದ್ದು. ಇದರಲ್ಲಿ ಗದ್ದಲವಿಲ್ಲ. ಒಂದು ದನಿ, ಹೆಚ್ಚಿನ ಕಡೆ ಒಂದು ಗಿಟಾರ್ ಅಥವಾ ಪಿಯಾನೋ. ಮನೆಯವರೆಲ್ಲ ಹೊರಗೆ ಹೋದ ಮಧ್ಯಾಹ್ನ, ಕೆಲಸ ಬದಿಗಿಟ್ಟು ಕೂತು ಕೇಳಿ. ಇಷ್ಟವಾದರೆ ಪಕ್ಕದ ಮನೆಯವರಿಗೂ ಹೇಳಿ.