ಚೀನಿ ಮಾಸ್ತರು ಬಂದ ದಾರಿ, ಹೋದ ದಾರಿ

 

ನಮ್ಮೂರು ಅತನೂರು, ಅಫಜಲಪುರ ತಾಲೂಕು. ಹೋದ ತಿಂಗಳು ಊರಿಗೆ ಹೋದಾಗ ನಮ್ಮ ಕಾಕಾನ ಮಗಳು ಫೋನ್ ಹಿಡ್ಕೊಂಡು ಅಂಗಳದಾಗ ಕುಂತು "ಮಾ, ಮಾ, ಮಾ" ಅಂತಿದ್ಲು. ಮೊದಲು ಆಡು ಕರೀಲಿಕ್ಕತ್ತಾಳ ಅಂದ್ಕೊಂಡೆ. ಆಕಿ ಪಿಯುಸಿ ಕಾಮರ್ಸ್. ಬೆಂಗಳೂರಿನ ಕಂಪನಿಗಳಲ್ಲಿ ಚೈನೀಸ್ ಬಲ್ಲವರಿಗೆ ಒಳ್ಳೆ ಪಗಾರ ಅಂತ ಯಾವುದೋ ರೀಲ್ ನೋಡಿ, ಆ್ಯಪ್ ಹಾಕ್ಕೊಂಡು ಕಲೀತಾಳ.

"ಅಣ್ಣಾ, ಮಾ ಅಂದ್ರ ಅವ್ವನೂ ಹೌದಂತ, ಕುದುರಿನೂ ಹೌದಂತ, ಬೈಯೋದೂ ಹೌದಂತ. ದನಿ ಏರಿಳಿಸೋದರ ಮ್ಯಾಲೆ ಅರ್ಥ ಬದಲಾಗ್ತದ. ಈ ಆ್ಯಪ್ ನಾ ಏನಂದ್ರೂ ಕರೆಕ್ಟ್ ಅಂತದ. ನಾ ಅವ್ವ ಅಂದೆನೋ ಕುದುರಿ ಅಂದೆನೋ, ಹೇಳೋರ್ ಯಾರು?"

ಈ ಸಂಚಿಕೆ ಹುಟ್ಟಿದ್ದು ಆ ಪ್ರಶ್ನೆಯಿಂದ. ಹೇಳೋರು ಯಾರು? ಆ ಭಾಷೆಯನ್ನೇ ಆಡ್ತಾ ಬೆಳೆದ ಒಬ್ಬ ಮನುಷ್ಯ ಕ್ಲಾಸಿನಲ್ಲಿ ಇರಬೇಕು. ನಮ್ಮ ದೇಶದ ಶಾಲೆ-ಕಾಲೇಜುಗಳಿಗೆ ಅಂಥ ಚೀನಿ ಮಾಸ್ತರು ಬಂದಿದ್ರಾ? ಬಂದವರು ಎಲ್ಲಿ ಹೋದ್ರು?

ಮೊದಲು ಉಲ್ಟಾ ದಿಕ್ಕಿನ ಕಥೆ. ಅದು ನಮ್ಮ ಮಗ್ಗುಲಿನ ಊರಿನದು. ನಮ್ಮ ಕಡೆಯವರಿಗೆ ಸೋಲಾಪುರ ಅಂದ್ರ ದವಾಖಾನಿ, ಮದುವಿ ಬಟ್ಟಿ, ಚಾದರ. ರಾಜ್ಯ ಬೇರೆ ಇರಬಹುದು, ಪೇಟೆಯಲ್ಲಿ ಕನ್ನಡ ನಡೀತದ. ಆ ಸೋಲಾಪುರದಲ್ಲಿ 1910ರಲ್ಲಿ ಹುಟ್ಟಿದವರು ಡಾ. ದ್ವಾರಕಾನಾಥ ಕೋಟ್ನಿಸ್. 1938ರಲ್ಲಿ ಜಪಾನ್ ಚೀನಾದ ಮೇಲೆ ಬಿದ್ದಿದ್ದಾಗ ಕಾಂಗ್ರೆಸ್ ಐದು ಜನ ವೈದ್ಯರ ತಂಡವನ್ನು ಅಲ್ಲಿಗೆ ಕಳಿಸಿತು. ಆಗ ಕಾಂಗ್ರೆಸ್ ಅಧ್ಯಕ್ಷರು ಸುಭಾಷಚಂದ್ರ ಬೋಸ್. ಉಳಿದ ನಾಲ್ವರು ವಾಪಸ್ ಬಂದರು, ಕೋಟ್ನಿಸ್ ಬರಲಿಲ್ಲ.

ಯುದ್ಧಭೂಮಿಯ ಆಸ್ಪತ್ರೆಯಲ್ಲಿ ಗಾಯಾಳು ಸೈನಿಕನಿಗೆ ಎಲ್ಲಿ ನೋವು ಅಂತ ಕೇಳಬೇಕಲ್ಲ? ಆ ಆ್ಯಪ್ ಈ ಆ್ಯಪ್ ಇಲ್ಲದ ಕಾಲ. ರೋಗಿಗಳ ನಡುವೆ, ನರ್ಸ್‌ಗಳ ನಡುವೆ ಇದ್ದು ಕೋಟ್ನಿಸ್ ಚೀನಿ ಕಲಿತರು. ಎಷ್ಟು ಕಲಿತರು ಅಂದ್ರ, ಅಲ್ಲಿನ ವೈದ್ಯಕೀಯ ವಿದ್ಯಾರ್ಥಿಗಳಿಗೆ ಚೀನಿಯಲ್ಲೇ ಪಾಠ ಮಾಡುವಷ್ಟು. 1941ರಲ್ಲಿ ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾದರು. ಅದೇ ವರ್ಷ ಗುವೋ ಚಿಂಗ್‌ಲಾನ್ ಎಂಬ ಚೀನಿ ನರ್ಸ್‌ರನ್ನು ಮದುವೆಯಾದರು. ಹುಟ್ಟಿದ ಮಗನಿಗೆ ಇಟ್ಟ ಹೆಸರು ಯಿನ್‌ಹ್ವಾ. ಯಿನ್ ಅಂದ್ರ ಭಾರತ, ಹ್ವಾ ಅಂದ್ರ ಚೀನಾ. ಮಗು ಕೆಲವು ತಿಂಗಳಿನದಿದ್ದಾಗ, 1942ರ ಡಿಸೆಂಬರ್ 9ರಂದು, ಕೋಟ್ನಿಸ್ ತೀರಿಕೊಂಡರು. ವಯಸ್ಸು 32. ನಾನು ಎಷ್ಟು ಸಲ ಸೋಲಾಪುರಕ್ಕೆ ಹೋಗಿದ್ದೀನೋ ಲೆಕ್ಕ ಇಲ್ಲ. ಅವರ ಸ್ಮಾರಕ ನೋಡಿದ್ದು ಈ ಸಂಚಿಕೆ ಮಾಡೋ ಮುಂಚೆ, ಮೊದಲ ಸಲ. ನಾಚಿಕೆ ಆತು.

ಈಗ ಇತ್ತ ಬಂದವರ ಕಥೆಗೆ ಬರೋಣ. ರವೀಂದ್ರನಾಥ ಟ್ಯಾಗೋರರಿಗೆ ಶಾಂತಿನಿಕೇತನದಲ್ಲಿ ಚೀನಿ ಕಲಿಸಬೇಕು ಅಂತ ಬಹಳ ಆಸೆ. ತಮಾಷೆ ನೋಡ್ರಿ, ಅಲ್ಲಿ ಮೊದಮೊದಲು ಚೀನಿ ಪಾಠ ಮಾಡಿದವರು ಫ್ರಾನ್ಸಿನ ಪಂಡಿತ ಸಿಲ್ವಾಂ ಲೆವಿ, 1921ರ ಆಸುಪಾಸು. ಅವರಿಗೆ ಹಳೇ ಬೌದ್ಧ ಗ್ರಂಥಗಳ ಚೀನಿ ಅಂಗೈ ಮೇಲಿನ ಗೆರೆ ಇದ್ದಂಗ. ಆದ್ರ ಮನಿಯಾಗ, ಬಜಾರದಾಗ ಆಡೋ ಚೀನಿ ಬೇಕಂದ್ರ ಅಲ್ಲಿಯ ಮನುಷ್ಯನೇ ಬರಬೇಕು. 1924ರಲ್ಲಿ ಟ್ಯಾಗೋರ್ ಚೀನಾಕ್ಕೆ ಹೋಗಿ ಬಂದರು. 1927ರಲ್ಲಿ ಸಿಂಗಾಪುರದ ಕಡೆ ಹೋದಾಗ ಅವರಿಗೆ ಒಬ್ಬ ತರುಣ ಸಿಕ್ಕ. ಹುನಾನ್ ಪ್ರಾಂತದವ, ಹೆಸರು ತಾನ್ ಯುನ್‌ಶಾನ್. "ಬಾ" ಅಂದರು. 1928ರಲ್ಲಿ ಆತ ಶಾಂತಿನಿಕೇತನಕ್ಕೆ ಬಂದ.

ಬಂದವರು ಚೀನಿ ಕಲಿಸಿದರು, ತಾವು ಸಂಸ್ಕೃತ ಕಲಿತರು. ಚೀನಿ ವಿಭಾಗಕ್ಕೆ ಒಂದು ಸ್ವಂತ ಮನೆ ಬೇಕು ಅನ್ನಿಸಿತು. ಚೀನಾಕ್ಕೆ ವಾಪಸ್ ಹೋಗಿ ಹಣ ಕೂಡಿಸಿದರು, ಪುಸ್ತಕ ಕೂಡಿಸಿದರು. 1937ರ ಏಪ್ರಿಲ್ 14ರಂದು 'ಚೀನಾ ಭವನ' ಶುರುವಾಯಿತು. ಅದಕ್ಕೆ ತಾನ್ ಅವರೇ ಮುಖ್ಯಸ್ಥರು. ಹೆಂಡತಿ-ಮಕ್ಕಳ ಸಂಸಾರ ಎಲ್ಲಾ ಅಲ್ಲೇ. ಅವರು ಕೊನೆಯುಸಿರೆಳೆದದ್ದು 1983ರಲ್ಲಿ, ಬೋಧಗಯಾದಲ್ಲಿ. ಇದು ಒಂದು ವರ್ಷದ ಕಾಂಟ್ರಾಕ್ಟ್ ಮೇಲೆ ಬಂದವನ ಬಾಳು ಅಲ್ಲ.

ಆದ್ರ ನಡುವೆ 1962 ಬಂತು. ಗಡಿಯಲ್ಲಿ ಯುದ್ಧ. ಅಸ್ಸಾಂ, ಬಂಗಾಳದ ಕಡೆ ತಲೆಮಾರುಗಳಿಂದ ಇದ್ದ ಚೀನಿ ಮೂಲದ ಜನರನ್ನು, ಸುಮಾರು 3,000 ಮಂದಿಯನ್ನು, ರೈಲಿನಲ್ಲಿ ತುಂಬಿ ರಾಜಸ್ಥಾನದ ದೇವಲಿ ಕ್ಯಾಂಪಿಗೆ ಒಯ್ದರು. ಮುದುಕರು, ಕೂಸುಗಳು ಎಲ್ಲರೂ. ಕೆಲವರು ವರ್ಷಗಟ್ಟಲೆ ಅಲ್ಲೇ ಇದ್ದರು. ಬಡಗಿ ಕೆಲಸ, ಚರ್ಮದ ಕೆಲಸ, ಹೋಟೆಲು ಮಾಡ್ಕೊಂಡಿದ್ದವರು ಅವರು. ಅವರ ಮನೆಯಲ್ಲಿ ಚೀನಿ ಮಾತಾಡ್ತಿದ್ರು ಅನ್ನೋದೇ ಅನುಮಾನಕ್ಕೆ ಸಾಕಾಯ್ತು. ನಮ್ಮ ಪಠ್ಯಪುಸ್ತಕದಲ್ಲಿ ಈ ವಿಷಯ ನಾನಂತೂ ಓದಿಲ್ಲ.

ಇಷ್ಟಾದರೂ ತಾನ್ ಅವರ ಪಾಠ ನಿಲ್ಲಲಿಲ್ಲ. ಅವರ ಮಗ ತಾನ್ ಚುಂಗ್ ದೆಹಲಿ ವಿಶ್ವವಿದ್ಯಾಲಯದಲ್ಲಿ, ಆಮೇಲೆ ಜೆಎನ್‌ಯುದಲ್ಲಿ ಚೀನಿ ಕಲಿಸಿದರು. 2010ರಲ್ಲಿ ಸರ್ಕಾರ ಅವರಿಗೆ ಪದ್ಮಭೂಷಣ ಕೊಟ್ಟಿತು.

ಅದೇ 2010ರಲ್ಲಿ ಶಾಲೆಗಳ ಮಾತು ಶುರುವಾಯಿತು. ಆಗಿನ ಶಿಕ್ಷಣ ಸಚಿವ ಕಪಿಲ್ ಸಿಬಲ್, ಸಿಬಿಎಸ್‌ಇ ಶಾಲೆಗಳಲ್ಲಿ ಚೀನಿ ಕಲಿಸ್ತೀವಿ ಅಂದರು. 2011ರಿಂದ ಆರನೇ ತರಗತಿಗೆ ಅದೊಂದು ಆಯ್ಕೆಯಾಯಿತು. ತಕ್ಷಣ ಎದುರಾದ ಪ್ರಶ್ನೆ: ಮಾಸ್ತರು ಎಲ್ಲಿ? 2012ರಲ್ಲಿ ಸಿಬಿಎಸ್‌ಇ ಚೀನಾದ 'ಹಾನ್‌ಬಾನ್' ಜೊತೆ ಒಪ್ಪಂದ ಮಾಡಿಕೊಂಡಿತು. ಲೋಕದ ತುಂಬ ಕನ್‌ಫ್ಯೂಷಿಯಸ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ಸರ್ಕಾರಿ ಸಂಸ್ಥೆ ಅದು. ನಮ್ಮ ಪಕ್ಕದ ವೆಲ್ಲೂರಿನಲ್ಲಿ, ಮುಂಬೈ ವಿಶ್ವವಿದ್ಯಾಲಯದಲ್ಲಿ ಅದರ ಕೇಂದ್ರಗಳಿದ್ದವು. ಅಂದ್ರ ಮಾಸ್ತರನ್ನು ಆರಿಸೋದು ಆ ಸರ್ಕಾರ, ಕರೆಸಿಕೊಳ್ಳೋದು ಈ ಸರ್ಕಾರ.

ಮುಂದಿನದು ನಿಮಗೆ ಗೊತ್ತು. 2020ರ ಜೂನ್ 15, ಗಾಲ್ವಾನ್. ನಮ್ಮ 20 ಸೈನಿಕರು ಸತ್ತರು. ಜುಲೈ 29ಕ್ಕೆ ಹೊಸ ಶಿಕ್ಷಣ ನೀತಿ ಹೊರಬಂತು. 2019ರ ಕರಡಿನಲ್ಲಿ ವಿದೇಶಿ ಭಾಷೆಗಳ ಸಾಲಿನಲ್ಲಿ ಚೀನಿಯೂ ಇತ್ತು. ಅಂತಿಮ ಪ್ರತಿಯಲ್ಲಿ ಕೊರಿಯನ್, ಜಪಾನಿ, ಥಾಯ್, ರಷ್ಯನ್ ಎಲ್ಲಾ ಇವೆ, ಚೀನಿ ಇಲ್ಲ. ಅದೇ ದಿನಗಳಲ್ಲಿ ಕನ್‌ಫ್ಯೂಷಿಯಸ್ ಕೇಂದ್ರಗಳ ಒಪ್ಪಂದಗಳನ್ನು ಸರ್ಕಾರ ಪರಿಶೀಲನೆಗೆ ತಗೊಂಡಿತು. ನಾನು ಕಾಮರ್ಸ್ ಓದಿದವ, ಇನ್ನೊಂದು ಅಂಕಿ ನೋಡದೆ ಬಿಡಲಾಗಲ್ಲ. ಮರುವರ್ಷ, 2021ರಲ್ಲಿ, ಎರಡೂ ದೇಶಗಳ ನಡುವಿನ ವ್ಯಾಪಾರ ಮೊದಲ ಸಲ 100 ಬಿಲಿಯನ್ ಡಾಲರ್ ದಾಟಿತು. ಮಾಲು ಬಂತು. ಮಾಸ್ತರು ಮಾತ್ರ ಬರದಂಗಾದ್ರು.

ಸರ್ಕಾರದ ಅನುಮಾನ ಪೂರ್ತಿ ಸುಳ್ಳು ಅಂತ ನಾನು ಹೇಳೋದಿಲ್ಲ. ಇನ್ನೊಂದು ಸರ್ಕಾರ ಪಗಾರ ಕೊಟ್ಟು ಕಳಿಸಿದ ಮಾಸ್ತರ ಯಾರ ಮಾತು ಕೇಳ್ತಾನ ಅನ್ನೋದು ಕೇಳಬೇಕಾದ ಪ್ರಶ್ನೇನೇ. ಆದ್ರ ಅದಕ್ಕೆ ಬೇರೆ ದಾರಿಗಳೂ ಅದಾವ. ಜಪಾನ್ 1987ರಿಂದ 'ಜೆಟ್' ಅನ್ನೋ ಯೋಜನೆ ನಡೆಸ್ತದ. ಇಂಗ್ಲಿಷ್ ಮಾತಾಡೋ ತರುಣರನ್ನು ತಾನೇ ಆರಿಸಿ, ತಾನೇ ಪಗಾರ ಕೊಟ್ಟು, ಹಳ್ಳಿ ಶಾಲೆಗೂ ಕಳಿಸ್ತದ. ಅವರಿಗೆ ಸಹಾಯಕ ಅಂತಲೇ ಹೆಸರು. ಪಾಠ ನಡೆಸೋದು ಜಪಾನಿ ಮಾಸ್ತರು. ಇವರು ಪಕ್ಕದಲ್ಲಿ ನಿಂತು ಮಾತಾಡ್ತಾರ, ಮಕ್ಕಳ ಉಚ್ಚಾರ ತಿದ್ದುತ್ತಾರ. ಹೆಚ್ಚಂದ್ರ ಐದು ವರ್ಷ, ಆಮೇಲೆ ಊರಿಗೆ. ಅವರು ಹೋದ್ರೂ ಕ್ಲಾಸ್ ನಡೀತದ, ಯಾಕಂದ್ರ ಊರಿನ ಮಾಸ್ತರು ಅಲ್ಲೇ ಇರ್ತಾರ.

ನಮ್ಮಲ್ಲಿ ಅಂಥವರೊಬ್ಬರನ್ನು ಇಟ್ಟುಕೊಳ್ಳೋದು ಹೇಗಿರುತ್ತೆ? ಮನೆಯಲ್ಲಿ ವಿದೇಶಿಯರನ್ನು ಇಟ್ಟುಕೊಂಡರೆ 24 ಗಂಟೆಯೊಳಗೆ ಫಾರ್ಮ್ ತುಂಬಿ ತಿಳಿಸಬೇಕು. ಅವರು 180 ದಿನಕ್ಕಿಂತ ಹೆಚ್ಚು ಇರೋದಾದ್ರೆ ಬೇರೆ ನೋಂದಣಿ. ಇದು ಕಾಗದದ ಮಾತಾಯ್ತು. ನಮ್ಮೂರಲ್ಲಿ ಬಾಡಿಗೆಗೆ ರೂಮು ಯಾರು ಕೊಡ್ತಾರ? ಏಪ್ರಿಲ್ ಬಿಸಿಲಿಗೆ ಏನು ಮಾಡ್ತಾರ? ಜೋಳದ ರೊಟ್ಟಿ, ಪುಂಡಿಪಲ್ಯ ಸೇರ್ತದೋ ಇಲ್ಲೋ?

ನನಗೆ ಇದರಾಗ ನಮ್ಮ ಶಾಲೆ ನೆನಪಾಗ್ತದ. ನಾನು ಹೈಸ್ಕೂಲ್ ಇದ್ದಾಗ ಇಂಗ್ಲಿಷಿಗೆ ಇದ್ದವರು ಅತಿಥಿ ಶಿಕ್ಷಕರು. ಒಳ್ಳೆಯವರು. ಬೇಸಿಗೆ ರಜೆಗೆ ಅವರ ನೌಕರಿ ಮುಗೀತಿತ್ತು. ಮುಂದಿನ ವರ್ಷ ಇನ್ನೊಬ್ಬರು, ಮತ್ತೆ ಮೊದಲಿನಿಂದ ಎ ಬಿ ಸಿ ಡಿ. 'ಅತಿಥಿ' ಅನ್ನೋ ಶಬ್ದ ಎಷ್ಟು ಚಂದ ಐತಿ, ಆದ್ರ ಅವರಿಗೆ ಒಂದು ಕುರ್ಚಿನೂ ಕಾಯಂ ಇರಲಿಲ್ಲ.

ನಮ್ಮ ಅಜ್ಜ ಕಲಿತದ್ದು ನಿಜಾಮನ ಕಾಲದಾಗ, ಉರ್ದು ಮಾಧ್ಯಮದಲ್ಲಿ. 1948ರಲ್ಲಿ ಪೊಲೀಸ್ ಕಾರ್ಯಾಚರಣೆ ಆಯ್ತು, ನಿಜಾಮನ ಆಳ್ವಿಕೆ ಮುಗೀತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಅಜ್ಜ ಮಾತ್ರ ಕೊನೆತನಕ ತೊಗರಿ ಲೆಕ್ಕ ಉರ್ದುದಾಗ ಬರೀತಿದ್ರು. "ಮಾಸ್ತರ ಛೊಲೊ ಇದ್ದ, ಅವನ ಕೈಬರಹ ನನ್ನ ಕೈಗೆ ಬಂದದ" ಅಂತಿದ್ರು.

ಬೆಂಗಳೂರಿನಲ್ಲಿ ನಾನೂ ಮೂರು ತಿಂಗಳು ಚೈನೀಸ್ ಸಂಜೆ ಕ್ಲಾಸಿಗೆ ಹೋಗಿದ್ದೆ. ಕಲಿತದ್ದು ಕಡಿಮೆ. ಕಲಿಸಿದವರು ಬಿಹಾರದ ಒಬ್ಬ ಮೇಡಂ, ಜೆಎನ್‌ಯುದಲ್ಲಿ ಓದಿದವರು. ಅವರಿಗೆ ಪಾಠ ಹೇಳಿದವರಲ್ಲಿ ತಾನ್ ಚುಂಗ್ ಅವರ ಶಿಷ್ಯರೂ ಇದ್ದರಂತೆ. ಈ ಸಂಚಿಕೆ ರೆಕಾರ್ಡ್ ಮಾಡೋ ಹಿಂದಿನ ದಿನ ತಂಗಿಯ ವಾಯ್ಸ್ ನೋಟ್ ಒಂದನ್ನು ಅವರಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು: ಹುಡುಗಿ ಹೇಳ್ತಿರೋದು ಕುದುರೆ, ದನಿ ಕೆಳಗಿಳಿಸಬೇಡ, ಮೇಲೇ ಸಮ ಹಿಡಿ ಅಂತ ಹೇಳಿ. ಜೊತೆಗೆ ತಮ್ಮದೇ ದನಿಯಲ್ಲಿ ನಾಲ್ಕು ಸಲ ಅಂದು ಕಳಿಸಿದ್ರು. ಅದನ್ನ ಅತನೂರಿಗೆ ಫಾರ್ವರ್ಡ್ ಮಾಡಿದೆ. ತಂಗಿ ಕೇಳಿದ್ದು ಒಂದೇ: "ಅಣ್ಣಾ, ಮೇಡಂ ನಾಳೀನೂ ಕೇಳ್ತಾರೇನು?"