ಬೀದರ್ ಸೀಮೆಯ ವಿವಾಹ ಸಂಬಂಧಗಳು ಮತ್ತು ಸಾಮಾಜಿಕ ಅಸಮಾನತೆ

ಬೀದರ್ ನಗರ, ಭಾಲ್ಕಿ, ಔರಾದ್ ಸೀಮೆಯಲ್ಲಿ ಬೀಗತನ ಬೆಳೆಸುವಾಗ ಜಾತಿ, ಹೊಲ, ನೌಕರಿ ಮೂರನ್ನೂ ತೂಗಿ ನೋಡುವುದು ರೂಢಿ. ಸಂಬಂಧ ಯಾವ ಜಾತಿಗಳ ನಡುವೆ ಎಂಬುದರಷ್ಟೇ, ಹೆಣ್ಣು ಯಾವ ಕಡೆಯವಳು, ಗಂಡು ಯಾವ ಕಡೆಯವನು ಎಂಬುದೂ ಇಲ್ಲಿನ ಇತಿಹಾಸದಲ್ಲಿ ನಿರ್ಣಾಯಕ.

ಕಲ್ಯಾಣದ ಮದುವೆ

ಭಾಲ್ಕಿಗೆ ನೆರೆಯ ಬಸವಕಲ್ಯಾಣ 12ನೆಯ ಶತಮಾನದಲ್ಲಿ ಕಳಚುರಿ ಬಿಜ್ಜಳನ ರಾಜಧಾನಿ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸ ಮಗಳನ್ನು ಕೊಟ್ಟದ್ದೇ ಕಲ್ಯಾಣ ಕ್ರಾಂತಿಗೆ ಕಿಡಿಯಾಯಿತು, ಬೀಗರಿಬ್ಬರಿಗೂ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆಯಾಯಿತು ಎಂಬುದು ಪ್ರಚಲಿತ ಕಥನ. ಆಕರಗಳು ಒಂದೇ ಮಾತು ಹೇಳುವುದಿಲ್ಲ. 13ನೆಯ ಶತಮಾನದ ಪಾಲ್ಕುರಿಕೆ ಸೋಮನಾಥನ ತೆಲುಗು ‘ಬಸವಪುರಾಣ’ದಲ್ಲಿ ಬಿಜ್ಜಳ ಇಬ್ಬರು ಶರಣರ ಕಣ್ಣು ಕೀಳಿಸಿದ ಪ್ರಸಂಗವಿದೆ, ಮದುವೆಯ ಮಾತಿಲ್ಲ. ಮದುವೆಯ ಕಥೆ ಬೆಳೆದು ಬಂದದ್ದು ಆಮೇಲಿನ ಪರಂಪರೆಯಲ್ಲಿ. ಗಿರೀಶ ಕಾರ್ನಾಡರ ‘ತಲೆದಂಡ’ (1990) ಅದನ್ನು ಹೊಸ ತಲೆಮಾರಿಗೆ ಮುಟ್ಟಿಸಿತು.

‘ಅಂತರ್ಜಾತಿ ವಿವಾಹ’ ಎಂಬ ಹೆಸರೂ ಚರ್ಚಾಸ್ಪದ. ಲಿಂಗ ಧರಿಸಿದವರಿಗೆ ಜಾತಿಯಿಲ್ಲ ಎಂಬ ಶರಣರಿಗೆ ಅದು ಸಮಾನರ ಮದುವೆ. ಧರ್ಮಶಾಸ್ತ್ರದ ಕಣ್ಣಿಗೆ ಮಾತ್ರ ಅದು ಪ್ರತಿಲೋಮ: ‘ಮೇಲಿನ’ ಹೆಣ್ಣು, ‘ಕೆಳಗಿನ’ ಗಂಡು. ಇದರ ತಿರುವುಮುರುವಾದ ಅನುಲೋಮವನ್ನು ಶಾಸ್ತ್ರ ಸಹಿಸಿತ್ತು.

ಗಡಿ ಮತ್ತು ಬೀಗತನ

1948ರವರೆಗೆ ಈ ಸೀಮೆ ನಿಜಾಮನ ಆಳ್ವಿಕೆಯಲ್ಲಿತ್ತು. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹ್ಮದಪುರ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಹೋದವು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರಿಗೆ ಸೇರಿದವು. ನೆಲ ಪಾಲಾದರೂ ಬೀಗತನ ಪಾಲಾಗಲಿಲ್ಲ.

ಪರಿಶಿಷ್ಟ ಜಾತಿಯ ಸ್ಥಾನಮಾನ ಮಾತ್ರ ರಾಜ್ಯವಾರು. ವಲಸೆ ಹೋದವರೊಂದಿಗೆ ಅದು ಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟ್ ಮರ್ರಿ ಚಂದ್ರಶೇಖರ ರಾವ್ (1990), ಬೀರ್ ಸಿಂಗ್ (2018) ಪ್ರಕರಣಗಳಲ್ಲಿ ಹೇಳಿತು. ಹೀಗಾಗಿ ಉದಗೀರದಿಂದ ಔರಾದಿಗೆ ಬಂದ ದಲಿತ ಸೊಸೆ ನಾಡಕಚೇರಿಯ ಕಿಟಕಿಯಲ್ಲಿ ತವರಿನ ಜಾತಿ ಪ್ರಮಾಣಪತ್ರ ಚಾಚಿದರೂ ಕರ್ನಾಟಕದ ಮೀಸಲಾತಿ ಅವಳಿಗೆ ದಕ್ಕದು. ಅದೇ ಜಾತಿಯ, ಅದೇ ಮನೆಯ ಗಂಡನಿಗೆ ದಕ್ಕುತ್ತದೆ. ಊರು ಬಿಟ್ಟು ಬರಬೇಕಾದವಳು ಹೆಣ್ಣು, ನಷ್ಟವೂ ಅವಳದೇ.

ಕಾನೂನು

1954ರ ವಿಶೇಷ ವಿವಾಹ ಕಾಯ್ದೆ ಮತ್ತು 1955ರ ಹಿಂದೂ ವಿವಾಹ ಕಾಯ್ದೆಯ ಮುಂದೆ ಜಾತಿ ಅಡ್ಡಿಯಲ್ಲ. ಮಕ್ಕಳ ಜಾತಿ ಬಹುಕಾಲ ತಂದೆಯದೇ ಎಂದು ಎಣಿಸಲಾಗುತ್ತಿತ್ತು. ಆ ಊಹೆಯೇ ಕೊನೆಯ ಮಾತಲ್ಲ, ತಾಯಿಯ ಸಮುದಾಯದಲ್ಲಿ ಬೆಳೆದು ಅದರ ಸಂಕಟ ಉಂಡ ಮಗು ಅವಳ ಜಾತಿಯನ್ನು ಸಾಧಿಸಿ ತೋರಿಸಬಹುದು ಎಂದು ರಮೇಶಭಾಯಿ ನಾಯಿಕಾ ತೀರ್ಪು (2012) ಹೇಳಿತು.

ಅಂತರ್ಜಾತಿ ವಿವಾಹಕ್ಕೆ ರಾಜ್ಯ ಕೊಡುವ ಪ್ರೋತ್ಸಾಹಧನವೂ ದಿಕ್ಕನ್ನು ಗುರುತಿಸುತ್ತದೆ: ಪರಿಶಿಷ್ಟ ಜಾತಿಯ ಹೆಣ್ಣು ಇತರ ಜಾತಿಯವನನ್ನು ವರಿಸಿದರೆ 3 ಲಕ್ಷ ರೂಪಾಯಿ, ಪರಿಶಿಷ್ಟ ಜಾತಿಯ ಗಂಡು ಇತರ ಜಾತಿಯವಳನ್ನು ವರಿಸಿದರೆ 2.5 ಲಕ್ಷ. ಹರಳಯ್ಯನ ಮಗನ ಮದುವೆ ಎರಡನೆಯ ಬಗೆಯದು. ಕಥನದಲ್ಲಿ ಪ್ರಾಣದಂಡ ತಂದ ಸಂಬಂಧಕ್ಕೆ ಇಂದು ಸರ್ಕಾರವೇ ಉಡಿ ತುಂಬುತ್ತಿದೆ.