ಬಸುರಿ ಗೆಳತಿ ಕುಡಿಯುತ್ತಿದ್ದರೆ

ಗೆಳತಿಗೆ ಈಗ ಐದು ತಿಂಗಳು. ವಾರದ ಕೊನೆಗೆ ಎಲ್ಲರೂ ಊಟಕ್ಕೆ ಸೇರಿದಾಗ ಅವಳೂ ಒಂದು ಗ್ಲಾಸ್ ವೈನ್ ತೆಗೆದುಕೊಳ್ಳುತ್ತಾಳೆ. ಇಲ್ಲವೇ, ದಿನವಿಡೀ ದುಡಿದು ಬಂದು ಮೈಕೈ ನೋವಿಗೆಂದು ರಾತ್ರಿ ಒಂದು ಪ್ಯಾಕೆಟ್ ಕುಡಿಯುವ ಪಕ್ಕದ ಮನೆಯವಳು ಬಸುರಿಯಾಗಿದ್ದಾಳೆ. ನೋಡಿದವರಿಗೆ ಕಸಿವಿಸಿ. ಕೇಳಿದರೆ ಅವಳು ಏನಂದುಕೊಳ್ಳುತ್ತಾಳೋ, ಸುಮ್ಮನಿದ್ದರೆ ಮಗುವಿಗೆ ಏನಾಗುತ್ತದೋ. ಈ ಕಳವಳ ಸುಳ್ಳಲ್ಲ, ಅದಕ್ಕೆ ಗಟ್ಟಿ ಕಾರಣವಿದೆ. ಆದರೆ ಅರ್ಧಂಬರ್ಧ ತಿಳಿದು ಹೆದರಿಸಿದರೆ ಕುಡಿತ ನಿಲ್ಲುವುದಿಲ್ಲ, ಅವಳು ನಮ್ಮೊಂದಿಗೆ ಮಾತು ನಿಲ್ಲಿಸುತ್ತಾಳೆ, ಅಷ್ಟೇ.

ಮಗುವಿಗೆ ತಲುಪುವುದು ಹೇಗೆ

ತಾಯಿಯ ರಕ್ತ ಮತ್ತು ಮಗುವಿನ ರಕ್ತದ ನಡುವೆ ಇರುವುದು ಮಾಸು, ವೈದ್ಯರು ಪ್ಲಾಸೆಂಟಾ ಎನ್ನುವ ಅಂಗ. ಅದು ಹಲವು ರೋಗಾಣುಗಳನ್ನು ತಡೆಯುತ್ತದೆ. ಮದ್ಯಸಾರವನ್ನು ತಡೆಯಲಾರದು. ಅದರ ಕಣಗಳು ತೀರ ಚಿಕ್ಕವು, ನೀರಿನಲ್ಲಿ ಸುಲಭವಾಗಿ ಬೆರೆಯುವಂಥವು. ತಾಯಿ ಕುಡಿದ ಸ್ವಲ್ಪ ಹೊತ್ತಿನಲ್ಲೇ ಮಗುವಿನ ರಕ್ತದಲ್ಲೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದ ಮದ್ಯಸಾರ ಇರುತ್ತದೆ. ತಾಯಿಯ ಯಕೃತ್ತು ಅದನ್ನು ಕರಗಿಸಿ ಹೊರಹಾಕುತ್ತದೆ. ಮಗುವಿನ ಯಕೃತ್ತಿಗೆ ಇನ್ನೂ ಆ ಶಕ್ತಿ ಬಂದಿರುವುದಿಲ್ಲ. ಮೇಲಾಗಿ, ಮಗು ವಿಸರ್ಜಿಸಿದ ಮದ್ಯಸಾರ ಸುತ್ತಲಿನ ಗರ್ಭಜಲದಲ್ಲಿ ನಿಲ್ಲುತ್ತದೆ, ಮಗು ಅದೇ ನೀರನ್ನು ಮತ್ತೆ ನುಂಗುತ್ತದೆ. ಹಾಗಾಗಿ ತಾಯಿಯ ಅಮಲು ಇಳಿದ ಮೇಲೂ ಮಗುವಿನ ಮೈಯಿಂದ ಅದು ಬೇಗ ಹೋಗುವುದಿಲ್ಲ.

ವೈದ್ಯರಿಗೂ ತಿಳಿದದ್ದು ತಡವಾಗಿಯೇ

ಇದು ಹಿಂದಿನಿಂದಲೂ ಎಲ್ಲರಿಗೂ ಗೊತ್ತಿದ್ದ ಸಂಗತಿಯೇನಲ್ಲ. 1960ರ ದಶಕದ ಕೊನೆಯಲ್ಲಿ, ದಿನ ತುಂಬುವ ಮೊದಲೇ ಶುರುವಾದ ಹೆರಿಗೆ ನೋವನ್ನು ನಿಲ್ಲಿಸಲು ಅಮೆರಿಕದ ಆಸ್ಪತ್ರೆಗಳಲ್ಲಿ ಬಸುರಿಯರ ರಕ್ತನಾಳಕ್ಕೇ ಮದ್ಯಸಾರ ಹನಿಸುತ್ತಿದ್ದರು. ಅದೇ ಹೊತ್ತಿಗೆ, 1968ರಲ್ಲಿ, ಫ್ರಾನ್ಸಿನ ನಾಂತ್ ನಗರದ ಮಕ್ಕಳ ವೈದ್ಯ ಪಾಲ್ ಲೆಮ್ವಾನ್ ಕುಡುಕ ತಂದೆತಾಯಿಯರ 127 ಮಕ್ಕಳನ್ನು ಪರೀಕ್ಷಿಸಿ, ಅವರ ಮುಖಚಹರೆಯಲ್ಲೂ ಬೆಳವಣಿಗೆಯಲ್ಲೂ ಒಂದೇ ಬಗೆಯ ಕೊರತೆಗಳಿರುವುದನ್ನು ಬರೆದರು. ಫ್ರೆಂಚ್ ಭಾಷೆಯ ಆ ಬರಹವನ್ನು ಹೊರಗಿನವರು ಹೆಚ್ಚಾಗಿ ಗಮನಿಸಲಿಲ್ಲ. 1973ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಕೆನೆತ್ ಲಯನ್ಸ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್, ಲೆಮ್ವಾನ್‌ರ ಕೆಲಸದ ಅರಿವಿಲ್ಲದೆಯೇ, ಅದೇ ಲಕ್ಷಣಗಳನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವಿವರಿಸಿ ‘ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್’ ಎಂದು ಹೆಸರಿಟ್ಟರು.

1981ರಲ್ಲಿ ಅಮೆರಿಕದ ಸರ್ಜನ್ ಜನರಲ್ ಬಸುರಿಯರು ಕುಡಿಯಬಾರದೆಂದು ಎಚ್ಚರಿಸಿದರು. 1989ರಿಂದ ಅಲ್ಲಿನ ಬಾಟಲಿಗಳ ಮೇಲೆ ಆ ಮಾತು ಅಚ್ಚಾಗುತ್ತಿದೆ. ನಮ್ಮ ಬಾಟಲಿಗಳ ಮೇಲಿನ ಕಡ್ಡಾಯ ಎಚ್ಚರಿಕೆ ಹೇಳುವುದು ಮದ್ಯಪಾನ ಆರೋಗ್ಯಕ್ಕೆ ಹಾನಿಕರ, ಕುಡಿದು ವಾಹನ ಓಡಿಸಬೇಡಿ ಎಂದು. ಬಸುರಿಯರಿಗೂ ಅದರಲ್ಲಿ ಒಂದು ಸಾಲು ಇರಬೇಕಿತ್ತು.

ಕಣ್ಣಿಗೆ ಕಾಣುವುದು, ಕಾಣದಿರುವುದು

ಗರ್ಭ ಕಟ್ಟಿದ ಮೂರನೆಯ ವಾರದಿಂದ ಎಂಟನೆಯ ವಾರದವರೆಗೆ ಮುಖ, ಹೃದಯ, ಕೈಕಾಲುಗಳು ರೂಪ ತಳೆಯುತ್ತವೆ. ಆಗಿನ ವಿಪರೀತ ಕುಡಿತದ ಗುರುತು ಮುಖದಲ್ಲಿ ಉಳಿಯಬಹುದು: ಚಿಕ್ಕ ಕಣ್ಣು, ತೆಳುವಾದ ಮೇಲ್ದುಟಿ, ಮೂಗಿಗೂ ತುಟಿಗೂ ನಡುವಿನ ಸಣ್ಣ ತಗ್ಗು ಮಾಸಿ ಸಪಾಟಾಗಿರುವುದು. 1981ರಲ್ಲಿ ಕ್ಯಾಥ್ಲೀನ್ ಸುಲಿಕ್ ಮತ್ತು ಜೊತೆಗಾರರು ಗರ್ಭಿಣಿ ಇಲಿಗಳಿಗೆ ಒಂದೇ ದಿನ ಹೆಚ್ಚಿನ ಮದ್ಯಸಾರ ಕೊಟ್ಟು, ಮರಿಗಳಲ್ಲಿ ಇಂಥದೇ ಮುಖ ಮೂಡುವುದನ್ನು ತೋರಿಸಿದರು.

ಆದರೆ ಬಾಧಿತ ಮಕ್ಕಳಲ್ಲಿ ಹೆಚ್ಚಿನವರ ಮುಖದಲ್ಲಿ ಯಾವ ಗುರುತೂ ಇರುವುದಿಲ್ಲ. ಮಿದುಳು ಒಂಬತ್ತು ತಿಂಗಳೂ ಬೆಳೆಯುತ್ತದೆ, ಆದ್ದರಿಂದ ಯಾವ ತಿಂಗಳಿನ ಕುಡಿತವೂ ಅದನ್ನು ಮುಟ್ಟಬಹುದು. ಹಾನಿ ಹೊರಗೆ ಕಾಣುವುದು ಹೆಚ್ಚಾಗಿ ಮಗು ಶಾಲೆಗೆ ಸೇರಿದ ಮೇಲೆ. ಪಾಠದಲ್ಲಿ ಗಮನ ನಿಲ್ಲುವುದಿಲ್ಲ, ನಿನ್ನೆ ಕಲಿತದ್ದು ಇಂದು ನೆನಪಿರುವುದಿಲ್ಲ, ಲೆಕ್ಕ ಹತ್ತುವುದಿಲ್ಲ, ಮಾಡಿದ ತಪ್ಪಿಗೂ ಅದರ ಪರಿಣಾಮಕ್ಕೂ ಇರುವ ನಂಟು ತಿಳಿಯುವುದಿಲ್ಲ. ಮನೆಯಲ್ಲೂ ಶಾಲೆಯಲ್ಲೂ ಇಂಥ ಮಗುವಿಗೆ ಸಿಗುವ ಹೆಸರು ‘ತುಂಟ’, ‘ಸೋಮಾರಿ’. ತನ್ನದಲ್ಲದ ತಪ್ಪಿಗೆ ಆ ಮಗು ದಿನವೂ ಬೈಸಿಕೊಳ್ಳುತ್ತದೆ. ಇವಲ್ಲದೆ ಗರ್ಭಪಾತ, ಅವಧಿಗೆ ಮುಂಚಿನ ಹೆರಿಗೆ, ಕಡಿಮೆ ತೂಕದ ಅಪಾಯವೂ ಕುಡಿತದೊಂದಿಗೆ ಏರುತ್ತದೆ.

‘ನಮ್ಮ ಅತ್ತೆ ಬಸುರಿಯಲ್ಲಿ ಕುಡಿಯುತ್ತಿದ್ದರು, ಮಕ್ಕಳೆಲ್ಲ ಚೆನ್ನಾಗೇ ಇದ್ದಾರೆ’ ಎನ್ನುವವರಿದ್ದಾರೆ. ನಿಜವಿರಬಹುದು. 2017ರಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನಂತೆ, ಬಸುರಿನಲ್ಲಿ ಕುಡಿದ ಸುಮಾರು 13 ತಾಯಂದಿರಲ್ಲಿ ಒಬ್ಬರ ಮಗುವಿಗೆ ಈ ಬಗೆಯ ಯಾವುದಾದರೊಂದು ತೊಂದರೆ ಬರುತ್ತದೆ. ತಾಯಿಯ ಪೌಷ್ಟಿಕತೆ, ವಯಸ್ಸು, ಅನುವಂಶೀಯತೆ, ಕುಡಿಯುವ ರೀತಿ ಎಲ್ಲವೂ ಇದರಲ್ಲಿ ಸೇರಿವೆ. ಆ ಒಬ್ಬರು ಯಾರೆಂದು ಮುಂಚಿತವಾಗಿ ಹೇಳುವ ಪರೀಕ್ಷೆ ಇಲ್ಲ.

‘ಸ್ವಲ್ಪ’ ಎಂದರೆ ಎಷ್ಟು

ಇಷ್ಟು ಕುಡಿದರೆ ತೊಂದರೆಯಿಲ್ಲ ಎಂಬ ಗೆರೆಯನ್ನು ಯಾರೂ ಗುರುತಿಸಿಲ್ಲ. ಬ್ರಿಟನ್ನಿನ ಮುಖ್ಯ ವೈದ್ಯಾಧಿಕಾರಿಗಳು 2016ರಲ್ಲಿ ಹಳೆಯ ಸಡಿಲ ಸಲಹೆಯನ್ನು ಕೈಬಿಟ್ಟು, ಬಸುರಿನಲ್ಲಿ ಪೂರ್ತಿ ಬಿಡುವುದೇ ಕ್ಷೇಮ ಎಂದರು.

‘ಒಂದೇ ಬಿಯರ್’ ಎಂಬ ಮಾತನ್ನು ಲೆಕ್ಕ ಹಾಕಿ ನೋಡಬೇಕು. ನಮ್ಮಲ್ಲಿ 30 ಮಿ.ಲೀ. ಪೆಗ್ ವಿಸ್ಕಿ ಅಥವಾ ಬ್ರಾಂದಿಯಲ್ಲಿ ಸುಮಾರು 10 ಗ್ರಾಂ ಮದ್ಯಸಾರ. ಶೇ. 8ರ 650 ಮಿ.ಲೀ. ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಸುಮಾರು 41 ಗ್ರಾಂ, ಅಂದರೆ ನಾಲ್ಕು ಪೆಗ್. 90 ಮಿ.ಲೀ. ವಿಸ್ಕಿ ಪ್ಯಾಕೆಟ್ಟಿನಲ್ಲಿ ಮೂರು ಪೆಗ್. ಬಿಯರ್, ವೈನ್ ‘ಲೈಟು’ ಎಂಬ ನಂಬಿಕೆಗೆ ಅರ್ಥವಿಲ್ಲ. ಮಗುವಿಗೆ ತಲುಪುವ ಮದ್ಯಸಾರ ಎಲ್ಲದರಲ್ಲೂ ಒಂದೇ. ಆಯುರ್ವೇದದ ಅರಿಷ್ಟಗಳಲ್ಲೂ ಹುದುಗಿನಿಂದ ಹುಟ್ಟಿದ ಮದ್ಯಸಾರ ಇರುತ್ತದೆ, ಬಸುರಿಯರು ವೈದ್ಯರನ್ನು ಕೇಳದೆ ಕುಡಿಯಬಾರದು.

ಗೊತ್ತಾಗುವ ಮೊದಲೇ ಕುಡಿದಿದ್ದರೆ

ಮುಟ್ಟು ನಿಂತದ್ದು ಗಮನಕ್ಕೆ ಬರುವ ಮೊದಲು ಒಂದೆರಡು ಸಲ ಕುಡಿದವರು ಅನೇಕರು. ಆ ಭಯದಲ್ಲೇ ಗರ್ಭ ತೆಗೆಸುವ ಯೋಚನೆ ಮಾಡುವವರೂ ಇದ್ದಾರೆ. ಅಂಥ ಅವಸರ ಬೇಡ. ವೈದ್ಯರಿಗೆ ಹೇಳಬೇಕು, ಇಂದಿನಿಂದ ಬಿಡಬೇಕು. ಏಳನೆಯ ತಿಂಗಳಲ್ಲಿ ಬಿಟ್ಟರೂ ಉಳಿದ ದಿನಗಳಲ್ಲಿ ಬೆಳೆಯುವ ಮಿದುಳಿಗೆ ಲಾಭವಿದೆ.

ಮಾತು ತೆಗೆಯುವುದು

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ದಾಟಿದ ಹೆಂಗಸರಲ್ಲಿ ಕುಡಿಯುವವರು ಶೇ. 1.3, ಗಂಡಸರಲ್ಲಿ ಸುಮಾರು ಶೇ. 19. ಹೆಂಗಸರ ಸಂಖ್ಯೆ ಕಡಿಮೆಯೆಂಬುದೇ ಇಲ್ಲಿ ತೊಡಕು. ಬಸುರಿಯರ ತಪಾಸಣೆಯಲ್ಲಿ ರಕ್ತ, ಸಕ್ಕರೆ, ಬಿಪಿ ಎಲ್ಲ ನೋಡುತ್ತಾರೆ, ಕುಡಿಯುತ್ತೀರಾ ಎಂದು ಕೇಳಲು ಮಾತ್ರ ಸಂಕೋಚಪಡುತ್ತಾರೆ. ಅವಳೂ ತಾನಾಗಿ ಹೇಳುವುದಿಲ್ಲ. ಗಂಡಸು ಕುಡಿದರೆ ‘ಚಟ’ ಎನ್ನುವ ಊರು, ಹೆಂಗಸು ಕುಡಿದರೆ ನಡತೆಯ ಮಾತೆತ್ತುತ್ತದೆ. ಹೀಗಾಗಿ ಅವಳ ಕುಡಿತ ಗೊತ್ತಿರುವ ಒಬ್ಬಳೇ ವ್ಯಕ್ತಿ ಗೆಳತಿಯಾಗಿರಬಹುದು.

ನಾಲ್ಕು ಜನರೆದುರು ಗ್ಲಾಸ್ ಕಿತ್ತುಕೊಳ್ಳುವುದು, ‘ಹೊಟ್ಟೆಲಿ ಮಗು ಇಟ್ಕೊಂಡು ಇದೇನೇ ಇದು?’ ಎನ್ನುವುದು, ಅವಳ ಅತ್ತೆಗೆ ಫೋನ್ ಮಾಡುವುದು, ಇವು ಅವಳನ್ನು ಬಚ್ಚಿಟ್ಟು ಕುಡಿಯುವಂತೆ ಮಾಡುತ್ತವೆ. ಇಬ್ಬರೇ ಇರುವಾಗ, ಅವಳು ಕುಡಿದಿಲ್ಲದ ಹೊತ್ತಿನಲ್ಲಿ, ‘ಈಚೆಗೆ ಹೇಗಿದ್ದೀಯೇ? ನಿದ್ದೆ ಬರ್ತಿದ್ಯಾ?’ ಎಂದು ಆರಂಭಿಸಬಹುದು. ‘ಆವತ್ತು ನೀನು ಕುಡಿದದ್ದು ನೋಡಿ ನಂಗೆ ಯೋಚನೆ ಆಯ್ತು ಕಣೇ. ಡಾಕ್ಟ್ರು ಏನಂದ್ರು?’ ಎಂದು ಕೇಳಬಹುದು. ಎಷ್ಟೋ ಸಲ ಉತ್ತರ ‘ಅವರು ಕೇಳೇ ಇಲ್ಲ’ ಎಂದಿರುತ್ತದೆ. ಆಗ ಮುಂದಿನ ತಪಾಸಣೆಗೆ ಜೊತೆಗೆ ಹೋಗುವುದು ದೊಡ್ಡ ಸಹಾಯ.

ಕುಡಿತದ ಹಿಂದೆ ಏನಿದೆಯೆಂದು ಕಿವಿಗೊಡಬೇಕು. ಹೊಡೆಯುವ ಗಂಡ, ಬೇಡದ ಬಸುರು, ಹಿಂದೊಮ್ಮೆ ಕಳೆದುಕೊಂಡ ಮಗು, ಖಿನ್ನತೆ, ಏನೂ ಇರಬಹುದು. ಹೊಡೆತವಿದ್ದರೆ 181 ಮಹಿಳಾ ಸಹಾಯವಾಣಿ, ಮನಸ್ಸಿನ ತೊಂದರೆಗೆ 14416 ಟೆಲಿ ಮಾನಸ್ ಇದೆ. ಗಂಡ ದಿನವೂ ಅವಳೆದುರೇ ಬಾಟಲಿ ತೆರೆಯುತ್ತಿದ್ದರೆ ಬಿಡುವ ಹೊರೆಯನ್ನೆಲ್ಲ ಅವಳೊಬ್ಬಳ ತಲೆಗೆ ಹೊರಿಸುವುದು ಅನ್ಯಾಯ. ಆ ಒಂಬತ್ತು ತಿಂಗಳು ಅವನೂ ಬಿಡಲಿ.

ಒಮ್ಮೆಲೇ ನಿಲ್ಲಿಸಬಾರದವರು

ಆಗೊಮ್ಮೆ ಈಗೊಮ್ಮೆ ಕುಡಿಯುವವಳು ಇಂದೇ ಬಿಡಬಹುದು. ದಿನವೂ ಕುಡಿಯುವವಳ, ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗಿ ಬೆವರುವವಳ ವಿಷಯ ಬೇರೆ. ಅವಳು ಮನೆಯಲ್ಲೇ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿಭ್ರಮಣೆಯಾಗಬಹುದು, ತಾಯಿ ಮಗು ಇಬ್ಬರಿಗೂ ಅಪಾಯ. ಅಂಥವಳನ್ನು ಆಸ್ಪತ್ರೆಗೆ ಸೇರಿಸಿ, ಹೆರಿಗೆ ವೈದ್ಯರೂ ಮನೋವೈದ್ಯರೂ ಸೇರಿ ಬಿಡಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವೂ ಇದೆ, ಬಸುರಿ ಬಾಣಂತಿಯರ ಮಾನಸಿಕ ಆರೋಗ್ಯಕ್ಕೆ ಪ್ರತ್ಯೇಕ ಸೇವೆಯೂ ಇದೆ. ಊಟದಲ್ಲಿ ಗುಟ್ಟಾಗಿ ಬೆರೆಸುವ ‘ಕುಡಿತ ಬಿಡಿಸುವ ಪುಡಿ’ಯನ್ನು ಯಾರಿಗೂ ಕೊಡಬಾರದು, ಬಸುರಿಗಂತೂ ಖಂಡಿತ ಬೇಡ.

ಹೆರಿಗೆಯ ನಂತರ

ಬಾಣಂತಿಗೆ ಮೈ ಬೆಚ್ಚಗಿರಲೆಂದು ಬ್ರಾಂದಿ ಕೊಡುವ ರೂಢಿ ಕೆಲವು ಮನೆಗಳಲ್ಲಿದೆ. ಕುಡಿದದ್ದು ಎದೆಹಾಲಿಗೂ ಇಳಿಯುತ್ತದೆ. ಕುಡಿತ ಬಿಟ್ಟವಳಿಗೆ ಆ ಒಂದು ಮುಚ್ಚಳವೇ ಹಳೆಯ ದಾರಿ ತೋರಿಸಬಹುದು. ಬೆಚ್ಚಗಿರಲು ಬಿಸಿ ಸಾರು, ಹೊದಿಕೆ ಸಾಕು.

ಬಸುರಿನಲ್ಲಿ ಕುಡಿದದ್ದನ್ನು ಮಕ್ಕಳ ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಆದ ಹಾನಿಯನ್ನು ಅಳಿಸುವ ಔಷಧಿ ಇಲ್ಲ. ಆದರೂ ಸಿಯಾಟಲ್‌ನ ಮನಶ್ಶಾಸ್ತ್ರಜ್ಞೆ ಆ್ಯನ್ ಸ್ಟ್ರೈಸ್‌ಗತ್ ಇಂಥ ಮಕ್ಕಳನ್ನು ದೊಡ್ಡವರಾಗುವವರೆಗೆ ಹಿಂಬಾಲಿಸಿ ನೋಡಿದಾಗ, ಬೇಗ ಪತ್ತೆಯಾದವರು ಮತ್ತು ನೆಮ್ಮದಿಯ ಮನೆಯಲ್ಲಿ ಬೆಳೆದವರು ಎಷ್ಟೋ ಚೆನ್ನಾಗಿ ಬಾಳಿದ್ದರು. ನಮ್ಮಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗೆ ಉಚಿತ ತಪಾಸಣೆಯಿದೆ. ಕುತ್ತಿಗೆ ನಿಲ್ಲುವುದು, ನಡಿಗೆ, ಮಾತು ತಡವಾದರೆ ಅಂಗನವಾಡಿಗೆ ಬರುವ ತಂಡಕ್ಕೆ ತೋರಿಸಿ, ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಲು ಕೇಳಬಹುದು.